ಉದುರಿದ ಗರಿ, ಕಿತ್ತ ಗರಿ

'ಉದುರು' ಎಂಬುದು ಅಕರ್ಮಕ ಧಾತು. 'ಕೀಳು' ಎಂಬುದು ಸಕರ್ಮಕ ಧಾತು. ಬೇವಿನ ಎಲೆ ಉದುರಿತು ಎಂದರೆ ವಾಕ್ಯವೂ ಮುಗಿಯಿತು, ಕೇಳುವವನ ಕುತೂಹಲವೂ ಮುಗಿಯಿತು. ಕಿತ್ತಿತು ಎಂದು ಹೇಳಿ ನೋಡಿ: ಏನನ್ನು ಕಿತ್ತಿತು ಎಂಬ ಪ್ರಶ್ನೆ ಒಡನೆಯೇ ಎದ್ದು ನಿಲ್ಲುತ್ತದೆ, ಅದಕ್ಕೆ ಉತ್ತರ ಕೊಟ್ಟರೆ, ಬೆನ್ನ ಹಿಂದೆಯೇ ಏಕೆ ಕಿತ್ತಿತು ಎಂಬ ಇನ್ನೊಂದು. ಮೊದಲನೆಯ ಪ್ರಶ್ನೆ ವ್ಯಾಕರಣಕ್ಕೆ ಸೇರಿದ್ದು. ಎರಡನೆಯದು ವ್ಯಾಕರಣದ ಕೈಮೀರಿದ್ದು. ಪದವಿ ತರಗತಿಯ ಮಕ್ಕಳಿಗೆ ಪ್ರತಿ ವರ್ಷವೂ ನಾನು ಈ ಪಾಠವನ್ನು ಹೇಳುತ್ತೇನೆ. ಊಟದ ನಂತರದ ವೇಳೆಯಾದುದರಿಂದ ಅವರು ಆಕಳಿಸುತ್ತಾರೆ. ನಿಜ ಹೇಳಬೇಕೆಂದರೆ ಪಾಠ ಹೇಳುವವನಿಗೂ ಒಮ್ಮೊಮ್ಮೆ ಆಕಳಿಕೆ ಬರುತ್ತದೆ. ಆದರೆ ಕಳೆದ ಶ್ರಾವಣದಲ್ಲಿ ನಮ್ಮ ಓಣಿಯ ಎರಡು ಮನೆಗಳಲ್ಲಿ, ಎರಡು ಪಂಜರಗಳ ಮುಂದೆ, ಈ ಎರಡು ಧಾತುಗಳ ಭೇದವನ್ನು ನಿರ್ಣಯಿಸಬೇಕಾದ ಪ್ರಸಂಗ ಒದಗಿತು. ಆಗ ಯಾರಿಗೂ ಆಕಳಿಕೆ ಬರಲಿಲ್ಲ.

ತಾಳಿಕೋಟೆಯೆಂದೊಡನೆ ೧೫೬೫ರ ಯುದ್ಧವನ್ನು ನೆನೆಯುವವರು ಬಹುಮಂದಿ. ಇಲ್ಲಿ ಬಾಳುವವರಿಗೆ ಆ ಯುದ್ಧಕ್ಕಿಂತ ಡೋಣಿ ನದಿ ಹತ್ತಿರದ್ದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂಬ ಗಾದೆಯನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಎರೆಹೊಲದ ಬಿಳಿಜೋಳ ತೆನೆಗಟ್ಟಿ ಹಾಲು ತುಂಬುವ ಹೊತ್ತಿಗೆ ಎಲ್ಲಿಂದಲೋ ಹಸಿರು ಗಿಳಿಗಳ ಹಿಂಡು ಕೂಗುತ್ತ ಬಂದಿಳಿಯುತ್ತದೆ. ಒಂದು ತೆನೆಯನ್ನು ಪೂರ್ತಿ ತಿಂದು ಮುಗಿಸುವ ಸೌಜನ್ಯ ಅವಕ್ಕಿಲ್ಲ. ಇಲ್ಲಿ ನಾಲ್ಕು ಕಾಳು ತಿಂದು, ಅಲ್ಲಿ ನಲವತ್ತು ಕಾಳು ಕೆಡವಿ, ತೆನೆಯಿಂದ ತೆನೆಗೆ ಹಾರುತ್ತವೆ. ರೈತ ಅಟ್ಟಣಿಗೆಯೇರಿ ಕವಣೆ ಬೀಸುತ್ತಾನೆ, ಡಬ್ಬಿ ಬಡಿಯುತ್ತಾನೆ, ಅವುಗಳ ವಂಶವನ್ನೆಲ್ಲ ಶಪಿಸುತ್ತಾನೆ. ಹೊಲದಲ್ಲಿ ಕವಣೆಗಲ್ಲಿಗೆ ಗುರಿಯಾಗುವ ಇದೇ ಹಕ್ಕಿ ಊರೊಳಗೆ ಬಂದಿತೆಂದರೆ ಪಡಸಾಲೆಯ ತೊಲೆಗೆ ತೂಗುವ ಪಂಜರದಲ್ಲಿ ಮನೆಯ ಕೂಸಾಗಿಬಿಡುತ್ತದೆ. ಅದಕ್ಕೊಂದು ಹೆಸರು, ಹಸಿಮೆಣಸಿನಕಾಯಿಯ ಉಪಚಾರ, ಬಂದ ಬೀಗರೆದುರು ಪಾಠ ಒಪ್ಪಿಸುವ ಕರ್ತವ್ಯ! ಹೊಲದ ಕಳ್ಳನಿಗೂ ಪಡಸಾಲೆಯ ಕೂಸಿಗೂ ನಡುವೆ ಇರುವುದು ಕೆಲವು ಕಂಬಿಗಳು ಮಾತ್ರ.

ಮೊದಲನೆಯ ಪಂಜರ ನಮ್ಮ ಕಾಲೇಜಿನ ಗಣಿತದ ಉಪನ್ಯಾಸಕರದು. ಅದರಲ್ಲಿದ್ದುದು ನಮ್ಮ ಹೊಲದ ಗಿಳಿಯಲ್ಲ. ಕಾಕಟೀಲ್ ಎಂಬ, ಆಸ್ಟ್ರೇಲಿಯ ಮೂಲದ, ಬೂದುಬಣ್ಣದ, ನೆತ್ತಿಯ ಮೇಲೆ ಜುಟ್ಟು ನಿಮಿರಿಸುವ ಸಣ್ಣ ಜಾತಿ. ಮಗಳ ಹುಟ್ಟುಹಬ್ಬಕ್ಕೆಂದು ವಿಜಯಪುರದಿಂದ ಎಳೆಯದನ್ನು ತಂದಿದ್ದರು. ಮಗಳು ಅದಕ್ಕೆ ರಾಣಿ ಎಂದು ನಾಮಕರಣ ಮಾಡಿದ್ದಳು. ಶ್ರಾವಣದ ಒಂದು ಮುಂಜಾನೆ ಉಪನ್ಯಾಸಕರು ಕೈಯಲ್ಲೊಂದು ಲಕೋಟೆ ಹಿಡಿದು ನಮ್ಮ ಮನೆಗೆ ಬಂದರು. ಯಾರದೋ ಲಗ್ನದ ಕರೆಯೋಲೆಯಿರಬೇಕೆಂದು ಬಿಚ್ಚಿ ನೋಡಿದರೆ ಒಳಗೆ ಗರಿಗಳು!

"ನಲವತ್ತಮೂರು ಅದಾವ್ರಿ. ನಾಕ ದಿನದಾಗ. ಹಿಂಗ ಹ್ವಾದ್ರ ಹದಿನೈದ ದಿನಕ್ಕ ಏನ ಉಳೀತದ ಹೇಳ್ರಿ?" ಎಂದರು. ಗಣಿತಜ್ಞರು ಮನೆಯಿಂದಲೇ ತ್ರೈರಾಶಿ ಹಾಕಿಕೊಂಡು ಹೊರಟಿದ್ದರು.

ಹಕ್ಕಿಯ ಕಷ್ಟವನ್ನು ಕನ್ನಡದವನ ಬಳಿಗೇಕೆ ತಂದರೆಂದು ವಾಚಕರು ಕೇಳಬಹುದು. ನನಗೆ ಬಾಲ್ಯದಿಂದಲೂ ಹಕ್ಕಿ ನೋಡುವ ಹುಚ್ಚು. ನನ್ನ ಕಪಾಟಿನಲ್ಲಿ ಪಂಪಭಾರತದ ಮಗ್ಗುಲಿಗೆ ಸಾಲಿಂ ಅಲಿಯವರ ಪುಸ್ತಕವಿದೆ. ಎರಡರಲ್ಲಿ ಹೆಚ್ಚು ಸವೆದಿರುವುದು ಯಾವುದೆಂದು ನಮ್ಮ ವಿಭಾಗದ ಹಿರಿಯರೆದುರು ನಾನು ಹೇಳಲಾರೆ. ಊರಿನಲ್ಲಿ ಹಕ್ಕಿ ಬಲ್ಲವನೆಂಬ ಹೆಸರು ಒಮ್ಮೆ ಬಂದಿತೆಂದರೆ, ಕೋಳಿಯ ಕೆಮ್ಮಿನಿಂದ ಹಿಡಿದು ಗೂಬೆಯ ಶಕುನದವರೆಗೆ ಎಲ್ಲವೂ ಬಾಗಿಲಿಗೆ ಬರುತ್ತವೆ.

ಗರಿಗಳನ್ನು ಮೇಜಿನ ಮೇಲೆ ಹರಡಿ ನೋಡಿದೆವು. ಪ್ರತಿಯೊಂದೂ ಇಡಿಯಾಗಿತ್ತು. ಬುಡದ ದಂಟು ಒಣಗಿ, ಟೊಳ್ಳಾಗಿ, ನುಣ್ಣಗೆ ಕೊನೆಗೊಂಡಿತ್ತು. ರಕ್ತದ ಕಲೆಯಿಲ್ಲ, ಕಚ್ಚಿದ ಗುರುತಿಲ್ಲ. ಅವರ ಮನೆಗೆ ಹೋಗಿ ಹಕ್ಕಿಯನ್ನು ನೋಡಿದೆವು. ತುಸು ಮಂಕಾಗಿ, ಮುಟ್ಟಿದರೆ ಸಿಡಿಮಿಡಿಗೊಳ್ಳುತ್ತ ಕುಳಿತಿತ್ತು. ಆದರೆ ಮೈಯ ಯಾವ ಭಾಗದಲ್ಲಿಯೂ ಬತ್ತಲೆ ಚರ್ಮ ಕಾಣಲಿಲ್ಲ. ನೆತ್ತಿಯ ಮೇಲೆ, ಕತ್ತಿನ ಸುತ್ತ, ಬಿಳಿಯ ಸೂಜಿಗಳನ್ನು ಚುಚ್ಚಿದಂತೆ ಏನೋ ಎದ್ದು ನಿಂತಿದ್ದವು. ಉಪನ್ಯಾಸಕರ ಪತ್ನಿ ಅವನ್ನು ಹುಳುವೆಂದು ತಿಳಿದು ಗಾಬರಿಯಾಗಿದ್ದರು. ಅವು ಹುಳುವಲ್ಲ, ಹೊಸ ಗರಿಯ ಮೊಳಕೆಗಳು.

ಗರಿಯೆಂಬುದು ನಮ್ಮ ಉಗುರು ಕೂದಲುಗಳಂತೆ ಕೆರಾಟಿನ್ ಎಂಬ ದ್ರವ್ಯದಿಂದಾದದ್ದು. ಬೆಳೆದು ಮುಗಿದ ಗರಿ ನಿರ್ಜೀವ ವಸ್ತು; ಸವೆದರೆ ತಾನಾಗಿ ಕೂಡಿಕೊಳ್ಳುವುದಿಲ್ಲ. ಬಿಸಿಲು ಧೂಳುಗಳಿಗೆ ಸಿಕ್ಕಿ ಜೀರ್ಣವಾದ ಆ ವಸ್ತ್ರಕ್ಕೆ ತೇಪೆ ಹಾಕಲು ಬಾರದು, ಹೊಸದನ್ನೇ ಉಡಬೇಕು. ಹಾವಿಗೆ ಪೊರೆಯನ್ನು ಒಮ್ಮೆಗೇ ಕಳಚುವ ಸೌಕರ್ಯವುಂಟು, ಅದಕ್ಕೆ ಹಾರುವ ಕೆಲಸವಿಲ್ಲ. ಹಕ್ಕಿಯ ಗರಿಗಳೆಲ್ಲ ಒಂದೇ ದಿನ ಬಿದ್ದುಹೋದರೆ ಅದು ಬೆಕ್ಕಿನ ಬಾಯಿಗೆ ಬೀಳುವುದೇ ಸೈ. (ಬಾತುಗಳಲ್ಲಿ ರೆಕ್ಕೆಯ ದೊಡ್ಡ ಗರಿಗಳು ಒಟ್ಟಿಗೇ ಉದುರುತ್ತವೆ, ಆದರೆ ಅವಕ್ಕೆ ಅಡಗಲು ನೀರಿದೆ, ಜೊಂಡಿದೆ.) ಉಳಿದ ಹಕ್ಕಿಗಳಲ್ಲಿ ಸಾಮಾನ್ಯವಾಗಿ ಈ ಕಾರ್ಯ ಮೆಲ್ಲಮೆಲ್ಲನೆ, ವಾರಗಟ್ಟಲೆ, ಎಡದಲ್ಲೊಂದು ಉದುರಿದರೆ ಬಲದಲ್ಲಿ ಅದರ ಜೋಡಿ ಎಂಬಂತೆ ನಡೆಯುತ್ತದೆ. ಎರಡೂ ರೆಕ್ಕೆಗಳ ತೂಕ ಸಮನಾಗಿರಬೇಕಷ್ಟೆ. ಗಿಳಿಯ ಕುಲದಲ್ಲಿ ಇನ್ನೂ ಒಂದು ವಿಶೇಷವಿದೆ. ಬಹಳಷ್ಟು ಹಕ್ಕಿಗಳಲ್ಲಿ ರೆಕ್ಕೆಯ ತುದಿಯ ದೊಡ್ಡ ಗರಿಗಳು ಒಳಗಿನಿಂದ ಹೊರಕ್ಕೆ ಸಾಲಾಗಿ ಉದುರುತ್ತ ಹೋಗುತ್ತವೆ. ಗಿಳಿಗಳಲ್ಲಿ ಅದು ಸಾಲಿನ ನಡುವೆ ಆರಂಭವಾಗಿ ಎರಡು ಕಡೆಗೂ ಸಾಗುತ್ತದೆ.

ಹೊಸ ಗರಿ ಬರುವ ರೀತಿಯೂ ನೋಡತಕ್ಕದ್ದು. ಅದು ಖಡ್ಗದಂತೆ ಒರೆಯೊಳಗೆ ಬರುತ್ತದೆ. ಬೆಳೆಯುವಾಗ ದಂಟಿನೊಳಗೆ ರಕ್ತ ಹರಿಯುತ್ತಿರುತ್ತದೆ. ಆಗ ಅದು ಮುರಿದರೆ ರಕ್ತ ಸೋರುತ್ತದೆ, ಹಕ್ಕಿಗೆ ನೋವಾಗುತ್ತದೆ. ಬೆಳೆದು ಮುಗಿದಂತೆ ರಕ್ತ ಹಿಂದೆಗೆಯುತ್ತದೆ, ಒರೆ ಒಣಗಿ ಹಿಟ್ಟಿನಂತೆ ಉದುರುತ್ತದೆ, ಗರಿ ಬಿಚ್ಚಿಕೊಳ್ಳುತ್ತದೆ. ಮೈಮೇಲಿನ ಒರೆಗಳನ್ನು ಹಕ್ಕಿ ತನ್ನ ಕೊಕ್ಕಿನಿಂದಲೇ ಸುಲಿದುಕೊಳ್ಳುತ್ತದೆ. ನೆತ್ತಿಯ ಮೇಲಿನವು ಮಾತ್ರ ಅದರ ಕೊಕ್ಕಿಗೆ ಎಟುಕುವುದಿಲ್ಲ. ಅಲ್ಲಿಗೆ ಜೊತೆಗಾರನ ಕೊಕ್ಕು ಬೇಕು, ಇಲ್ಲವೆ ಸಾಕಿದವರ ಬೆರಳು ಬೇಕು. ಕೊಕ್ಕು ನೆತ್ತಿಗೆ ಎಟುಕದೆಂಬ ಈ ಸಣ್ಣ ಸಂಗತಿಯನ್ನು ವಾಚಕರು ದಯಮಾಡಿ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಸಾಕ್ಷಿ ನುಡಿಯಲಿದೆ.

ಗರಿಯಲ್ಲಿ ಹೆಚ್ಚಿನ ಪಾಲು ಪ್ರೋಟೀನು. ಆದುದರಿಂದ ಆ ದಿನಗಳಲ್ಲಿ ಹಕ್ಕಿಗೆ ಆಹಾರ ಕೊಂಚ ಪುಷ್ಟಿಯಾಗಿರಲಿ, ಮೊಳಕೆಯ ಹೆಸರು, ಬೇಯಿಸಿದ ಮೊಟ್ಟೆಯ ಚೂರು, ಸೊಪ್ಪು ಇರಲಿ, ಹದವಾದ ನೀರನ್ನು ಮಂಜಿನಂತೆ ಚಿಮುಕಿಸಿ, ಎಂದಷ್ಟು ಹೇಳಿ ಬಂದೆ. ಒಂದೂವರೆ ತಿಂಗಳಲ್ಲಿ ರಾಣಿಯ ಮುಖ ಅರಿಸಿನ ಬಳಿದಂತೆ ಹಳದಿಯಾಯಿತು. ಬೂದುಬಣ್ಣದ ಕಾಕಟೀಲಿನಲ್ಲಿ ಆರು ತಿಂಗಳು ಕಳೆದ ಮೇಲೆ ಬರುವ ಮೊದಲ ಗರಿ ಬದಲಾವಣೆಯಲ್ಲಿ ಗಂಡಿನ ಮುಖಕ್ಕೆ ಈ ಬಣ್ಣ ಏರುತ್ತದೆ. ಹೀಗೆ ಲಕೋಟೆಯ ರೋಗಿ ಗುಣವಾದದ್ದಷ್ಟೇ ಅಲ್ಲ, ರಾಣಿ ರಾಜನೇ ಆಯಿತು. ಮಗಳು ಎರಡು ದಿನ ಅತ್ತು, ಮೂರನೆಯ ದಿನ ಹೆಸರು ಬದಲಿಸಿದಳು.

ಎಲ್ಲ ಬೋಳೂ ರೋಗವಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಬಿಳಿ ಹಳದಿ ಬಣ್ಣದ ಲುಟಿನೊ ಎಂಬ ಕಾಕಟೀಲುಗಳಿಗೆ ಜುಟ್ಟಿನ ಹಿಂದೆ ಒಂದಿಷ್ಟು ಬೋಳು ಹುಟ್ಟಿನಿಂದಲೇ ಬರುವುದುಂಟು. ಅದು ವಂಶದ ಗುಣ. ಹಾಗೆಯೇ, ನಮ್ಮ ಪೇಟೆಗಳಲ್ಲಿ 'ಲವ್ ಬರ್ಡ್ಸ್' ಎಂದು ಜೋಡಿಯಾಗಿ ಮಾರುವ ಹಕ್ಕಿಗಳು ಬಹುಮಟ್ಟಿಗೆ ಆಸ್ಟ್ರೇಲಿಯದ ಬಜರಿಗರ್‌ಗಳು. ನಿಜವಾದ ಲವ್ ಬರ್ಡ್‌ಗಳ ತವರು ಆಫ್ರಿಕ. ಇವುಗಳ ಪಂಜರದಲ್ಲಿ ಒಂದರ ನೆತ್ತಿ ಬೋಳಾಗಿದ್ದರೆ ಸಂಶಯ ಪಡಬೇಕಾದದ್ದು ಪಕ್ಕದಲ್ಲಿ ಕುಳಿತ ಪ್ರಿಯತಮೆಯ ಮೇಲೆ.

ಗಣಿತದವರ ಮನೆಯಲ್ಲಿ ಈ ಪಾಂಡಿತ್ಯ ಹಬ್ಬಿತು. ಅವರ ಪತ್ನಿ ಒಂದು ಸಂಜೆ, "ಸರ, ಮೂಲಿಮನಿ ಆಯಿಯವರ ಗಿಣೀನೂ ಒಂದೀಟ ನೋಡಿ ಬರ್ರಿ. ಅದರ ಎದಿ ನನಗ್ಯಾಕೋ ಛಲೋ ಕಾಣಂಗಿಲ್ಲ" ಎಂದರು.

ಆಯಿಯವರದು ಓಣಿಯ ತುದಿಯಲ್ಲಿ ಹಾಸುಗಲ್ಲಿನ ಅಂಗಳದ ಹಳೆಯ ಮನೆ. ವಯಸ್ಸು ಎಪ್ಪತ್ತೈದರ ಮೇಲೆ. ಯಜಮಾನರು ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದವರು; ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು. ಮಗ ಪುಣೆಯಲ್ಲಿ, ರವಿವಾರಕ್ಕೊಮ್ಮೆ ಫೋನು. ಪಡಸಾಲೆಯ ತೊಲೆಗೆ ತೂಗಿದ ದುಂಡನೆಯ ಪಂಜರದಲ್ಲಿ ರಾಮ ಎಂಬ ಗಿಳಿ. ಇದು ನಮ್ಮ ಹೊಲದ ಗಿಳಿಯೇ. ಇಪ್ಪತ್ತು ವರ್ಷಗಳ ಹಿಂದೆ ಯಜಮಾನರು ಯಾವುದೋ ಜಾತ್ರೆಯಲ್ಲಿ ಬುಟ್ಟಿಯಿಂದ ಕೊಂಡು ತಂದದ್ದಂತೆ. ಆಗ ಅದರ ಮೈಮೇಲೆ ಗರಿಯೇ ಇರಲಿಲ್ಲವಂತೆ. ಮೂರನೆಯ ವರ್ಷದ ಸುಮಾರಿಗೆ ಕೊರಳಿಗೆ ಗುಲಾಬಿ ಬಣ್ಣದ ಕಂಠಿ ಮೂಡಿತು, ಗಂಡೆಂದು ತಿಳಿಯಿತು.

"ಬರ್ರಿ ಸರ, ಕೂಡ್ರಿ" ಎಂದರು ಆಯಿ. ಗಿಳಿಯ ಮಾತೆತ್ತಿದಾಗ ನಕ್ಕುಬಿಟ್ಟರು. "ಶ್ರಾವಣದಾಗ ವರ್ಷಾ ಉದುರ್ತಾವ್ರಿ. ಮತ್ತ ಹೊಸಾವು ಬರ್ತಾವ. ಗಿಡದ ಎಲಿ ಇದ್ದಂಗ. ಈ ಸಲ ಒಂದೀಟ ತಡಾ ಆಗ್ಯದ ಅಷ್ಟ."

ಅವರ ಮಾತು ಸುಳ್ಳಲ್ಲ. ಹದಿನೆಂಟು ಶ್ರಾವಣಗಳ ಅನುಭವ ಅದರ ಹಿಂದಿತ್ತು. ಉದುರುವುದನ್ನು ಕಂಡವರಿಗೆ ಎಲ್ಲವೂ ಉದುರಿದಂತೆಯೇ ಕಾಣುತ್ತದೆ. ನಾನು ಪಂಜರದ ಹತ್ತಿರ ಹೋಗಿ ನೋಡಿದೆ. ಗಿಳಿಯ ತಲೆ ಎಷ್ಟು ಚೆಲುವಾಗಿತ್ತೆಂದರೆ ಅದರ ಒಂದು ಗರಿಯೂ ಕದಲಿರಲಿಲ್ಲ. ಹಸಿರು ನೆತ್ತಿ, ಕೆಂಪು ಕೊಕ್ಕು, ಕಪ್ಪು ಗುಲಾಬಿ ಅಂಚಿನ ಕಂಠಿ. ಅದರ ಕೆಳಗೆ ಒಮ್ಮೆಲೆ ಎಲ್ಲವೂ ನಿಂತುಹೋಗಿತ್ತು. ಎದೆ ಪೂರ್ತಿ ಬೋಳು, ತೊಡೆಗಳು ಬೋಳು, ರೆಕ್ಕೆಯ ಒಳಮಗ್ಗುಲು ಬೋಳು. ಬೂದು ಮಿಶ್ರಿತ ಕೆಂಪು ಚರ್ಮದ ಮೇಲೆ ಅಲ್ಲಲ್ಲಿ ಹೊಸ ಮೊಳಕೆಗಳು ತುಂಡಾಗಿ ನಿಂತಿದ್ದವು. ಲಗ್ನಕ್ಕೆಂದು ರುಮಾಲು ಸುತ್ತಿಕೊಂಡ ಹಿರಿಯರು ಅಂಗಿ ತೊಡುವುದನ್ನೇ ಮರೆತು ಬಂದು ಕುಳಿತರೆ ಹೇಗಿರುತ್ತದೋ ಹಾಗೆ. ನಗು ಬರಬೇಕಾದ ಚಿತ್ರ, ಬರಲಿಲ್ಲ. ಕೊಕ್ಕು ಎಟುಕದ ನೆತ್ತಿ, ಕತ್ತಿನ ಮೇಲ್ಭಾಗ ಅಖಂಡ. ಎಟುಕುವ ಎದೆ, ತೊಡೆ ಬೋಳು. ಕರ್ತೃಪದ ಯಾವುದೆಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ವಾಕ್ಯವೂ ಹೇಳಲಾರದು.

ಪಂಜರದ ತಳದಲ್ಲಿ ಬಿದ್ದ ಗರಿಗಳನ್ನು ಆರಿಸಿ ನೋಡಿದೆ. ಒಂದರ ತುದಿ ಜಗಿದು ನಾರಾಗಿತ್ತು. ಇನ್ನೊಂದರ ದಂಟು ನಡುವೆ ಸೀಳಿತ್ತು. ಸಣ್ಣದೊಂದರ ಬುಡದಲ್ಲಿ ಒಣಗಿದ ರಕ್ತ. ಲಕೋಟೆಯ ಗರಿಗಳ ನುಣುಪು ಇವುಗಳಲ್ಲಿ ಒಂದಕ್ಕೂ ಇರಲಿಲ್ಲ.

ಆ ದಿನ ಸಂಜೆಯವರೆಗೂ ಅಲ್ಲಿಯೇ ಕುಳಿತೆ. ಗಿಳಿ ಮೈ ತೀಡಿಕೊಳ್ಳುವುದು ದಿನದಲ್ಲಿ ಹಲವು ಸಲ ನಡೆಯುವ ಕೆಲಸ. ಬಾಲದ ಬುಡದ ಗ್ರಂಥಿಗೆ ಕೊಕ್ಕು ಮುಟ್ಟಿಸಿ, ಒಂದೊಂದೇ ಗರಿಯನ್ನು ಬುಡದಿಂದ ತುದಿಯವರೆಗೆ ಕೊಕ್ಕಿನೊಳಗೆ ಹಾಯಿಸಿ ಬಿಡುತ್ತದೆ. ಅದರಲ್ಲೊಂದು ಲಯವಿರುತ್ತದೆ, ತೃಪ್ತಿಯಿರುತ್ತದೆ. ರಾಮ ಅದನ್ನೂ ಮಾಡುತ್ತಿತ್ತು. ಆದರೆ ನಾಲ್ಕು ಗಂಟೆಯ ಹೊತ್ತಿಗೆ ಬೀದಿಯಲ್ಲಿ ಸೈಕಲ್ಲಿನ ಗಂಟೆಯೊಂದು ಕೇಳಿಸಿತು. ಗಿಳಿ ನೆಟ್ಟಗೆ ನಿಂತು ಬಾಗಿಲ ಕಡೆ ನೋಡಿತು. ಒಮ್ಮೆ ಕೆಮ್ಮಿತು, ಹಕ್ಕಿಯ ಕೆಮ್ಮಲ್ಲ, ಹೊಗೆಸೊಪ್ಪು ಹಾಕಿ ರೂಢಿಯಿದ್ದ ವೃದ್ಧರ ಕೆಮ್ಮು. ಆಮೇಲೆ ಸ್ಪಷ್ಟವಾಗಿ, ಗಡಸು ಗಂಡುದನಿಯಲ್ಲಿ, "ಚಾ ಆತೇನ?" ಎಂದಿತು.

ಅಡಿಗೆಮನೆಯೊಳಗಿಂದ ಆಯಿ, "ಆತು, ತಡೀರಿ" ಎಂದರು.

ಬಾಗಿಲಲ್ಲಿ ಯಾರೂ ಬರಲಿಲ್ಲ. ಗಿಳಿ ಸ್ವಲ್ಪ ಹೊತ್ತು ಕಾದು, ತಲೆ ಬಗ್ಗಿಸಿ, ಎದೆಯಿಂದ ಒಂದು ಮೊಳಕೆಯನ್ನು ಹಿಡಿದು ಎಳೆಯಿತು. ಚಿಕ್ಕ ದನಿಯೊಂದು ಹೊರಟಿತು. ಕಿತ್ತದ್ದನ್ನು ಕೊಕ್ಕಿನಲ್ಲಿ ಹೊರಳಿಸಿ ಜಗಿದು ಕೆಳಗೆ ಬಿಟ್ಟಿತು. ಮತ್ತೆ ಬಗ್ಗಿತು.

ಇಷ್ಟು ಕಂಡ ಮೇಲೆ ಹಕ್ಕಿ ಒಡೆಯನ ವಿರಹದಿಂದ ಗರಿ ಕಿತ್ತುಕೊಳ್ಳುತ್ತಿದೆಯೆಂದು ಕಥೆ ಬರೆದು ಮುಗಿಸುವುದು ನನ್ನಂತಹ ಸಾಹಿತ್ಯದ ವಿದ್ಯಾರ್ಥಿಗೆ ಬಹು ಸುಲಭ. ವೈದ್ಯಶಾಸ್ತ್ರ ಅಷ್ಟು ಬೇಗ ಒಪ್ಪುವುದಿಲ್ಲ. ಉಣ್ಣಿ, ಹೇನು, ಚರ್ಮದ ಸೋಂಕು, ಯಕೃತ್ತಿನ ಕಾಯಿಲೆ, ಪಂಜರದ ತಂತಿಯಲ್ಲಿನ ಸತು ಸೀಸಗಳ ವಿಷ, ಹೀಗೆ ಹಕ್ಕಿಯನ್ನು ತನ್ನ ಮೈಯ ಮೇಲೆಯೇ ತಿರುಗಿಬೀಳಿಸುವ ಕಾರಣಗಳು ಅನೇಕ. ಗಿಳಿಗಳ ಕೊಕ್ಕು ಗರಿಗಳನ್ನು ಕೆಡಿಸುವ ವೈರಸ್ ರೋಗವೊಂದುಂಟು. ಆಸ್ಟ್ರೇಲಿಯದ ಕಾಕಟೂಗಳಲ್ಲಿ ಗುರುತಿಸಲಾದದ್ದು. ಅದರಲ್ಲಿ ಹೊಸ ಗರಿಗಳು ವಕ್ರವಾಗಿ, ಗಂಟುಗಂಟಾಗಿ ಬರುತ್ತವೆ, ಮತ್ತು ಎಟುಕದ ನೆತ್ತಿಯೂ ಬೋಳಾಗುತ್ತದೆ. ಇವೆಲ್ಲವನ್ನೂ ತಳ್ಳಿಹಾಕಿದ ಮೇಲಷ್ಟೇ ಬೇಸರ, ಭಯ, ಒಂಟಿತನಗಳ ಹೆಸರು ಹೇಳಬಹುದು. ಆದರೂ ಒಂದು ಮಾತು ನಿಜ: ಆಫ್ರಿಕದ ಬೂದುಗಿಳಿ, ಕಾಕಟೂಗಳಂಥ ಚುರುಕು ಬುದ್ಧಿಯ ಜಾತಿಗಳಲ್ಲಿ ಈ ಚಟ ಬಹಳ ಕಾಣುತ್ತದೆ, ಕಾಡಿನಲ್ಲಿ ಹಿಂಡಿನೊಡನೆ ಬಾಳುವ ಗಿಳಿಗಳಲ್ಲಿ ಇದು ಕಾಣುವುದಿಲ್ಲವೆಂದೇ ಹೇಳಬೇಕು. ಹೊಲದ ಗಿಳಿಗೆ ದಿನವೆಲ್ಲ ಕೆಲಸ. ತೆನೆ ಹುಡುಕಬೇಕು, ಗಿಡುಗನನ್ನು ತಪ್ಪಿಸಬೇಕು, ರೈತನ ಕವಣೆಯಿಂದ ಪಾರಾಗಬೇಕು, ಸಂಜೆ ಮರದಲ್ಲಿ ಜಾಗಕ್ಕಾಗಿ ಜಗಳಾಡಬೇಕು. ಪಂಜರದ ಗಿಳಿಯ ಬಟ್ಟಲಲ್ಲಿ ಶೇಂಗಾ ತುಂಬಿಟ್ಟರೆ ಹತ್ತು ನಿಮಿಷದಲ್ಲಿ ಆ ದಿನದ ಬದುಕೆಲ್ಲ ಮುಗಿಯಿತು. ಉಳಿದ ಹೊತ್ತಿನಲ್ಲಿ ಕೊಕ್ಕು ಏನು ಮಾಡಬೇಕು?

ಊರ ಸಲಹೆಗಳಿಗೆ ಕೊರತೆಯಿರಲಿಲ್ಲ. ಅರಿಸಿನ ಕಲಸಿದ ಕೊಬ್ಬರಿ ಎಣ್ಣೆ ಹಚ್ಚಿರೆಂದು ಒಬ್ಬರು, ಬೇವಿನ ಎಣ್ಣೆಯೆಂದು ಇನ್ನೊಬ್ಬರು. ಎರಡೂ ಸಲ್ಲದು. ಎಣ್ಣೆ ಸೋಕಿದ ಗರಿ ಅಂಟಿಕೊಂಡು ಮೈಯ ಶಾಖವನ್ನು ಹಿಡಿದಿಡಲಾರದೆ ಹೋಗುತ್ತದೆ. ಹಚ್ಚಿದ್ದನ್ನೆಲ್ಲ ಹಕ್ಕಿ ತೀಡಿ ನುಂಗುತ್ತದೆ. ಕೀಳುವಾಗ ಗದರಿಸುವುದೂ ವ್ಯರ್ಥ. ಒಂಟಿ ಹಕ್ಕಿಗೆ ಗದರಿಕೆಯೂ ಒಂದು ಮಾತುಕತೆಯೇ. ಅದನ್ನು ಕೇಳುವುದಕ್ಕಾಗಿ ಇನ್ನೊಂದು ಗರಿ ಕೀಳುತ್ತದೆ. ಪುಣೆಯ ಮಗ ಫೋನಿನಲ್ಲಿ, "ಬಾಗ್ಲಾ ತಗದ ಬಿಡವ್ವಾ, ಹಾರಿ ಹೋಗ್ಲಿ" ಎಂದನಂತೆ. ಉದಾರವಾದ ಮಾತು. ಆದರೆ ಹಕ್ಕಿಯ ಮೈಶಾಖ ನಮ್ಮದಕ್ಕಿಂತ ಹೆಚ್ಚು, ೪೧ ಡಿಗ್ರಿ ಸೆಲ್ಸಿಯಸ್ಸಿನ ಸುಮಾರು. ಬೋಳೆದೆಯ ಹಕ್ಕಿ ಒಂದು ಮಳೆಯ ರಾತ್ರಿಯನ್ನೂ ಕಳೆಯಲಾರದು. ಇಪ್ಪತ್ತು ವರ್ಷ ಹಾರದ ರೆಕ್ಕೆ ಎಷ್ಟು ದೂರ ಒಯ್ದೀತು? ಕಾಗೆಗಳು ಓಣಿಯ ತಿರುವಿನಲ್ಲಿಯೇ ಕಾದಿರುತ್ತವೆ.

ದನದ ದವಾಖಾನೆಗೆ ಪಂಜರವನ್ನು ಒಯ್ದೆವು. ವೈದ್ಯರು ಬೀದರಿನಲ್ಲಿ ಓದಿ ಬಂದ ತರುಣರು. "ಸರ, ನಾ ದಿನಾ ನೋಡೂದು ಎಮ್ಮಿ, ಆಡು. ಗಿಣಿ ತರಾವ್ರು ಕಡಿಮಿ" ಎಂದು ನಕ್ಕರೂ, ತಮ್ಮ ಗುರುಗಳೊಬ್ಬರಿಗೆ ಫೋನು ಮಾಡಿ ಕೇಳಿ, ಬಹು ಎಚ್ಚರಿಕೆಯಿಂದ ನೋಡಿದರು. ಉಣ್ಣಿಯಿಲ್ಲ. ಚರ್ಮದಲ್ಲಿ ಸೋಂಕಿಲ್ಲ. ಕೊಕ್ಕು ಸರಿಯಾಗಿದೆ. ಮಲದ ಪರೀಕ್ಷೆಯಲ್ಲಿ ಏನೂ ಸಿಕ್ಕಲಿಲ್ಲ. ಶೇಂಗಾ, ಸೂರ್ಯಕಾಂತಿ ಬೀಜಗಳ ಊಟದಿಂದ ಎ ಜೀವಸತ್ವದ ಕೊರತೆಯಾಗಿರಬಹುದು. ಗಜ್ಜರಿ, ನುಗ್ಗೆಸೊಪ್ಪು, ಪೇರಲ ಕೊಡಿ. ರಾತ್ರಿ ಹತ್ತು ಹನ್ನೆರಡು ತಾಸು ಕತ್ತಲೆ ಬೇಕು, ಟೀವಿಯ ಮುಂದೆ ಇಡಬೇಡಿ. ಕಚ್ಚಲು ಮೆದುಮರದ ತುಂಡು, ಬಿಡಿಸಲು ಸಿಪ್ಪೆಯ ಕಾಯಿ ಕೊಡಿ. ಎದೆಯ ಗರಿ ಬಂದೀತು. ಎಡತೊಡೆಯಲ್ಲಿ ಬಹಳ ದಿನದಿಂದ ಕಿತ್ತು ಕಿತ್ತು ಬೇರೇ ಹಾಳಾದಂತಿದೆ, ಅಲ್ಲಿ ಇನ್ನು ಬಾರದಿರಬಹುದು.

ಆಮೇಲೆ ವೈದ್ಯರು ಲೇಖನಿಯನ್ನು ಕೆಳಗಿಟ್ಟು ಇನ್ನೊಂದು ಮಾತು ಹೇಳಿದರು. ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ೨೦೨೨ರ ತಿದ್ದುಪಡಿ ಅದನ್ನು ಸಡಿಲಿಸಿಲ್ಲ. ಗಣಿತದವರ ಕಾಕಟೀಲ್ ಹೊರದೇಶದ್ದಾದುದರಿಂದ ಅದಕ್ಕೆ ಈ ನಿಷೇಧ ತಗುಲದು. ಆಯಿಯ ರಾಮನಿಗೆ ತಗಲುತ್ತದೆ. ಗದರಿಕೆಯ ದನಿಯಲ್ಲಿ ಅವರು ಹೇಳಲಿಲ್ಲ. ತಾವಾಗಿ ಅರಣ್ಯ ಇಲಾಖೆಗೆ ಒಪ್ಪಿಸುವವರನ್ನು ಅವರು ಗೌರವದಿಂದಲೇ ಕಾಣುತ್ತಾರೆ, ಅಲ್ಲಿ ಇಂಥವೇ ಬೇರೆ ಹಕ್ಕಿಗಳಿರುತ್ತವೆ, ವಿಚಾರ ಮಾಡಿ ಎಂದರು.

ದಾರಿಯಲ್ಲಿ ಆಯಿ ಮಾತಾಡಲಿಲ್ಲ. ನನಗೆ ನಾಗವರ್ಮನ ನೆನಪಾಯಿತು. ಬಾಣನ ಕಾದಂಬರಿಯನ್ನು ಅವನು ಕನ್ನಡಕ್ಕೆ ತಂದು ಸುಮಾರು ಸಾವಿರ ವರ್ಷವಾಯಿತು. ಅದರಲ್ಲಿ ಕಥೆ ಹೇಳುವುದೇ ಗಿಳಿ. ಮುದಿ ಬೇಡನೊಬ್ಬ ಬೂರುಗದ ಮರವೇರಿ ಪೊಟರೆಗಳಿಂದ ಮರಿಗಳನ್ನು ತೆಗೆದು ತೆಗೆದು ಎಸೆಯುತ್ತಾನೆ. ಇನ್ನೂ ರೆಕ್ಕೆ ಬಲಿಯದ ವೈಶಂಪಾಯನನನ್ನು ತಂದೆಗಿಳಿ ತನ್ನ ಮೈಯಿಂದ ಮುಚ್ಚಿಕೊಂಡು ತಾನು ಸಾಯುತ್ತದೆ. ತರಗತಿಯಲ್ಲಿ ಆ ಭಾಗವನ್ನು ಹೇಳುವಾಗ ಹುಡುಗಿಯರು ಕಣ್ಣೊರೆಸಿಕೊಳ್ಳುವುದುಂಟು. ಜಾತ್ರೆಯ ಬುಟ್ಟಿಯಲ್ಲಿ ಗರಿ ಮೂಡದ ಮರಿಗಳನ್ನು ತಂದು ಮಾರುವವನೂ ಯಾವುದೋ ಮರವನ್ನು ಹತ್ತಿರಲೇಬೇಕು. ಗಿಳಿಗಳು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಮರದ ಪೊಟರೆಗಳಲ್ಲಿ, ಹಳೆಯ ಗೋಡೆಗಳ ಸಂದಿಯಲ್ಲಿ ಮರಿಮಾಡುತ್ತವೆ. ಹಿಡಿಯುವವರು ಲೆಕ್ಕ ಹಾಕಿಕೊಂಡಿರುವುದೂ ಅದೇ ದಿನಗಳನ್ನು. ಈ ಮಾತನ್ನು ಆಯಿಗೆ ಹೇಳಲು ಮನಸ್ಸಾಗಲಿಲ್ಲ. ಇಪ್ಪತ್ತು ವರ್ಷ ಆಕೆ ಆ ಹಕ್ಕಿಗೆ ತಮ್ಮ ತಾಟಿನ ರೊಟ್ಟಿಯನ್ನು ಮೊದಲು ಮುರಿದು ಹಾಕಿ ಆಮೇಲೆ ಉಂಡವರು.

ಮೂರು ದಿನಗಳಾದ ಮೇಲೆ ಆಯಿಯೇ ಕರೆಯಿಸಿದರು.

"ಸರ, ಅಲ್ಲಿ ಇದರಕೂಡ ಮಾತಾಡವು ಇರ್ತಾವೇನ್ರಿ?"

"ಇರ್ತಾವ್ರಿ ಆಯಿ. ಅದರ ಜಾತಿಯವ ಇರ್ತಾವ."

"ನನಗ ಅದರ ಮಾತು ತಿಳೀತಿತ್ತು ಅಂತ ಮಾಡಿದ್ನಿ. ನಾ ಕೇಳತಿದ್ದದ್ದು ಅವರ ಮಾತು. ಅದರ ಮಾತು ಯಾರ ಕೇಳ್ಯಾರ?" ಎಂದು ಹೇಳಿ, ಸೆರಗಿನಿಂದ ಪಂಜರದ ಮೇಲಿನ ಧೂಳನ್ನು ಒರೆಸಿದರು. "ಫೋನ್ ಹಚ್ರಿ."

ಅರಣ್ಯ ಇಲಾಖೆಯ ಇಬ್ಬರು ಸಿಬ್ಬಂದಿ ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಂದಿಗೆ ಬಂದರು. ಕಾಗದಕ್ಕೆ ಸಹಿ ಮಾಡುವಾಗ ಆಯಿ ಕನ್ನಡಕ ಹುಡುಕುತ್ತ ಬಹಳ ಹೊತ್ತು ತೆಗೆದುಕೊಂಡರು. ಕನ್ನಡಕ ಅವರ ನೆತ್ತಿಯ ಮೇಲೆಯೇ ಇತ್ತು; ಬಂದವರಲ್ಲಿ ಹಿರಿಯನಾದವನು ಅದನ್ನು ಕಂಡೂ ಹೇಳದೆ ಸುಮ್ಮನೆ ನಿಂತಿದ್ದ. ಪುಣ್ಯಾತ್ಮ.

ಈಗ ಆ ದುಂಡು ಪಂಜರದಲ್ಲಿ ಆಯಿ ಉಳ್ಳಾಗಡ್ಡಿ ಇಡುತ್ತಾರೆ. ಗಾಳಿಯಾಡುವುದರಿಂದ ಕೊಳೆಯುವುದಿಲ್ಲವಂತೆ. ಗಣಿತದವರ ಮಗಳು ದಿನವೂ ನಾಲ್ಕು ಗಂಟೆಗೆ ರಾಜನನ್ನು ಹೆಗಲ ಮೇಲೆ ಕೂಡಿಸಿಕೊಂಡು ಅವರ ಪಡಸಾಲೆಗೆ ಹೋಗಿ ಬರುತ್ತಾಳೆ. ಆ ಹಕ್ಕಿಗೆ ಸಿಳ್ಳು ಬರುತ್ತದೆ, ಮಾತು ಬಾರದು. ಆಯಿಯೂ ಅದಕ್ಕೆ ಮಾತು ಕಲಿಸಲು ಹೋಗಿಲ್ಲ.

ಸಂಕ್ರಾಂತಿಯ ಮುಂದೆ ಅರಣ್ಯ ಇಲಾಖೆಯವರಿಗೆ ಫೋನು ಮಾಡಿ ವಿಚಾರಿಸಿದೆ. ಮೊದಲ ಕೆಲವು ವಾರ ಬೇರೆಯಾಗಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ದೊಡ್ಡ ಬಲೆಮನೆಯಲ್ಲಿ ಬೇರೆ ನಾಲ್ಕು ಗಿಳಿಗಳೊಡನೆ ಬಿಟ್ಟಿದ್ದಾರೆ. ಎದೆಯ ಮೇಲೆ ಬೂದು ತುಪ್ಪಳ ತುಂಬಿ, ಅದರ ಮೇಲೆ ಹಸಿರು ಕಾಣತೊಡಗಿದೆ. ತೊಡೆ ಇನ್ನೂ ಬೋಳೇ. ಹಾರುವುದು ಕಡಿಮೆ, ಜಗಳವಾಡುವುದು ಚೆನ್ನಾಗಿ ಕಲಿತಿದೆ. ದಿನಾ ಸಂಜೆ "ಚಾ ಆತೇನ?" ಎಂದು ಕೇಳುತ್ತದಂತೆ. ಅಲ್ಲಿಯ ಕಾವಲುಗಾರ ನಗೆಚಾಟಿಕೆಯ ಮನುಷ್ಯ. ಪ್ರತಿ ಸಲವೂ "ಇನ್ನಾ ಆಗಿಲ್ಲೋ ಮಾರಾಯ" ಎಂದು ಉತ್ತರ ಕೊಡುತ್ತಾನಂತೆ.

ಇದನ್ನು ಆಯಿಗೆ ಹೇಳಿದೆ. ಎದೆಯ ಗರಿಯ ಸುದ್ದಿಗೆ ತಲೆಯಾಡಿಸಿದರು. ಕಾವಲುಗಾರನ ಮಾತಿಗೆ ಮಾತ್ರ ಮುಖ ಗಂಟಾಯಿತು.

"ಆತು, ತಡೀರಿ ಅನ್ನಬೇಕು ಅಂತ ಹೇಳ್ರಿ ಅವಗ" ಎಂದರು.

ಮರುದಿನವೇ ಫೋನು ಮಾಡಿ ಹಾಗೆಯೇ ಹೇಳಿದೆ. ತಡೀರಿ ಎಂದು ಬಹುವಚನದಲ್ಲಿ ಅನ್ನಬೇಕೆಂಬುದನ್ನೂ ಹೇಳಿದೆ.